ಕಾರಣ ಸಿಗದ ಯಕೃತ್ ವೈಫಲ್ಯ: ಕಫದ ಔಷಧವನ್ನು ಡ್ರಿಪ್ಪಿನಲ್ಲಿ ಕೊಡುತ್ತಿದ್ದಾರೆ, ತಿಳಿದವರು ಹೇಳಿ

ಕೆರಗೋಡಿನ ಅಕ್ಕ · ಮಂಗಳವಾರ, ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 29 ವರ್ಷ. ಆಲೆಮನೆಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಕುಡಿತವಿಲ್ಲ, ಬೀಡಿ ಸಿಗರೇಟು ಇಲ್ಲ. ಹದಿನೈದು ದಿನಗಳ ಹಿಂದೆ ಜ್ವರ ಬಂತು, ಎಂಟು ದಿನಗಳ ಹಿಂದೆ ಕಣ್ಣು ಹಳದಿಯಾಯಿತು. ಮಂಡ್ಯದಲ್ಲಿ ತೋರಿಸಿದಾಗ ಜಾಂಡೀಸ್, ತಾನಾಗಿ ಇಳಿಯುತ್ತದೆ ಎಂದು ಗ್ಲೂಕೋಸ್ ಹಾಕಿ ಮನೆಗೆ ಕಳಿಸಿದರು. ನಿನ್ನೆ ಬೆಳಿಗ್ಗೆ ಅವನ ಹೆಂಡತಿ ಕಾಫಿ ಕೊಟ್ಟರೆ ಲೋಟ ಹಿಡಿದುಕೊಂಡು ಹಾಗೆಯೇ ಕುಳಿತನಂತೆ, ಕುಡಿಯುವುದನ್ನೇ ಮರೆತವನ ಹಾಗೆ. ಫೋನಿನಲ್ಲಿ ನನ್ನನ್ನು ಅಮ್ಮ ಎಂದು ಕರೆದ. ನಮ್ಮಮ್ಮ ತೀರಿಕೊಂಡು ಆರು ವರ್ಷವಾಗಿದೆ. ಮಧ್ಯಾಹ್ನದೊಳಗೆ ಮೈಸೂರಿಗೆ ಕರೆತಂದು ಐಸಿಯುಗೆ ಸೇರಿಸಿದೆವು.

ಇಂದಿನ ವರದಿ: ಬಿಲಿರುಬಿನ್ (ಹಳದಿಯ ಅಳತೆ) 15.2, ಐಎನ್‌ಆರ್ (ರಕ್ತ ಹೆಪ್ಪುಗಟ್ಟುವುದು ಎಷ್ಟು ತಡವಾಗುತ್ತಿದೆ ಎಂಬ ಅಳತೆ) 3.1, ಎಎಲ್‌ಟಿ (ಯಕೃತ್ತಿಗಾದ ಪೆಟ್ಟಿನ ಅಳತೆ) 1,140. ಹೆಪಟೈಟಿಸ್ ಎ, ಬಿ, ಸಿ, ಇ ಯಾವುದೂ ಇಲ್ಲ. ಡೆಂಗಿ ಇಲ್ಲ, ಇಲಿಜ್ವರ ಇಲ್ಲ, ಸ್ಕ್ರಬ್ ಟೈಫಸ್ ಇಲ್ಲ. ವೈದ್ಯರು "ಯಕೃತ್ತು ಒಮ್ಮೆಲೇ ಕೈಕೊಟ್ಟಿದೆ, ಏಕೆಂದು ಇನ್ನೂ ಗೊತ್ತಾಗಿಲ್ಲ" ಎಂದರು. ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಡ್ರಿಪ್ ಸಂಜೆಯಿಂದ ನಡೆಯುತ್ತಿದೆ. ಇದೇ ಹೆಸರಿನ ಮಾತ್ರೆಯನ್ನು ನಮ್ಮ ಮಾವನವರು ಕಫಕ್ಕೆಂದು ನೀರಿನಲ್ಲಿ ಕರಗಿಸಿ ಕುಡಿಯುತ್ತಾರೆ. ಕಾರಣವೇ ಗೊತ್ತಿಲ್ಲದ ಕಾಯಿಲೆಗೆ ಕಫದ ಔಷಧವನ್ನು ಏಕೆ ಕೊಡುತ್ತಾರೆ? ಐಸಿಯು ಬಾಗಿಲಿನ ಹೊರಗೆ ಕುಳಿತು ಬರೆಯುತ್ತಿದ್ದೇನೆ.

ರಾತ್ರಿಪಾಳಿ · ಬುಧವಾರ, ನಸುಕಿನ 12:40

ಅಕ್ಕ, ನಾನು ಹನ್ನೊಂದು ವರ್ಷಗಳಿಂದ ಐಸಿಯುನಲ್ಲಿ ಶುಶ್ರೂಷಕಿ. ಔಷಧದ ವಿಚಾರವನ್ನು ಬಲ್ಲವರು ಹೇಳುತ್ತಾರೆ. ಈ ರಾತ್ರಿ ನೀವು ಮಾಡಬಹುದಾದದ್ದನ್ನು ನಾನು ಹೇಳುತ್ತೇನೆ. ಒಳಗೆ ಬಿಟ್ಟಾಗಲೆಲ್ಲ ತಮ್ಮನನ್ನು ಮಾತಾಡಿಸಿ. ಹೆಸರು, ಊರು, ಇವತ್ತು ಯಾವ ವಾರ ಎಂದು ಕೇಳಿ. ಎರಡು ಕೈಗಳನ್ನೂ ಮುಂದೆ ಚಾಚಿ, ಅಂಗೈ ಎತ್ತಿ ಹಿಡಿಯಲು ಹೇಳಿ. ಕೈ ರೆಕ್ಕೆಯಂತೆ ಬಡಿದುಕೊಂಡರೆ, ಉತ್ತರ ತಡವಾದರೆ, ಸಿಡಿಮಿಡಿಗೊಂಡರೆ ತಕ್ಷಣ ಸಿಬ್ಬಂದಿಗೆ ತಿಳಿಸಿ. ಮನೆಯವರಿಗೆ ಕಾಣುವ ಬದಲಾವಣೆ ಎಷ್ಟೋ ಸಲ ನಮಗಿಂತ ಒಂದು ಗಂಟೆ ಮೊದಲೇ ಕಾಣುತ್ತದೆ, ಏಕೆಂದರೆ ಅವನು ದಿನವೂ ಹೇಗೆ ಮಾತಾಡುತ್ತಾನೆಂದು ಬಲ್ಲವರು ನೀವು.

ಅವನು ಒದ್ದಾಡಿದರೆ "ನಿದ್ದೆ ಬರುವಂತೆ ಏನಾದರೂ ಕೊಡಿ" ಎಂದು ಮಾತ್ರ ಕೇಳಬೇಡಿ. ಈ ಸ್ಥಿತಿಯಲ್ಲಿ ನಿದ್ದೆಯ ಔಷಧ ಮಿದುಳಿನ ಮಂಕನ್ನು ಹೆಚ್ಚಿಸುತ್ತದೆ, ಮಂಕು ಎಷ್ಟಿದೆ ಎಂಬುದನ್ನೂ ಮುಚ್ಚಿಹಾಕುತ್ತದೆ. ಗ್ಲುಕೋಮೀಟರಿನಲ್ಲಿ ಪದೇ ಪದೇ ಬೆರಳು ಚುಚ್ಚಿದರೆ ಬೇಸರಪಡಬೇಡಿ. ಯಕೃತ್ತು ಸೋತಾಗ ರಕ್ತದ ಸಕ್ಕರೆ ಸದ್ದಿಲ್ಲದೆ ಕುಸಿಯುತ್ತದೆ.

ಸರಸ್ವತಿಪುರಂ ಔಷಧಿ ಅಂಗಡಿ · ಬುಧವಾರ, ಬೆಳಿಗ್ಗೆ 6:15

ಅಮ್ಮಾ, ನಾನು ಮೂವತ್ತೆಂಟು ವರ್ಷ ಔಷಧಿ ಅಂಗಡಿ ನಡೆಸಿದವನು. ನಿಮ್ಮ ಪ್ರಶ್ನೆ ನ್ಯಾಯವಾದದ್ದು. ವಸ್ತು ಒಂದೇ, ಕೆಲಸ ಬೇರೆ. ಕಫಕ್ಕೆ ನೀರಿನಲ್ಲಿ ಕರಗಿಸುವ ಮಾತ್ರೆಯಲ್ಲಿ 600 ಮಿ.ಗ್ರಾಂ ಇರುತ್ತದೆ. ಯಕೃತ್ತಿಗೆ ಕೊಡುವ ಲೆಕ್ಕ ದೇಹದ ತೂಕದ ಮೇಲೆ. ದೊಡ್ಡವರ ಮೇಲೆ ನಡೆದ ಮುಖ್ಯ ಅಧ್ಯಯನದ ಕ್ರಮ ಹೀಗಿತ್ತು: ಮೊದಲ ಒಂದು ಗಂಟೆಯಲ್ಲಿ ಕಿಲೋಗೆ 150 ಮಿ.ಗ್ರಾಂ, ಮುಂದಿನ ನಾಲ್ಕು ಗಂಟೆ ತಾಸಿಗೆ 12.5, ಉಳಿದ 67 ಗಂಟೆ ತಾಸಿಗೆ 6.25. ಅರವತ್ತು ಕಿಲೋ ತೂಕದ ಮನುಷ್ಯನಿಗೆ ಮೂರು ದಿನಕ್ಕೆ ಸುಮಾರು 37 ಗ್ರಾಂ ಆಯಿತು. ನಿಮ್ಮ ಮಾವನವರ ಮಾತ್ರೆ ಅರವತ್ತಕ್ಕೂ ಹೆಚ್ಚು ಬೇಕಾಗುತ್ತದೆ. ಅದಕ್ಕೇ ಅಷ್ಟೊಂದು ಶೀಶೆ ಬರೆದುಕೊಟ್ಟಿರುತ್ತಾರೆ, ಗಾಬರಿಯಾಗಬೇಡಿ. ಒಡೆದಾಗ ಗಂಧಕದ ವಾಸನೆ ಬರುತ್ತದೆ, ಅದು ಔಷಧ ಕೆಟ್ಟಿರುವ ಲಕ್ಷಣವಲ್ಲ.

ಮೊದಲ ಗಂಟೆಯಲ್ಲಿ ಮುಖ ಕೆಂಪಾಗುವುದು, ತುರಿಕೆ, ಒಮ್ಮೊಮ್ಮೆ ಉಬ್ಬಸ ಬರುವುದುಂಟು. ಆಗ ಡ್ರಿಪ್ಪನ್ನು ನಿಲ್ಲಿಸಿ, ತುರಿಕೆಗೆ ಔಷಧ ಕೊಟ್ಟು, ನಿಧಾನವಾಗಿ ಮತ್ತೆ ಶುರುಮಾಡುತ್ತಾರೆ. ಇದನ್ನು ಓದುವ ಬೇರೆಯವರಿಗೂ ಒಂದು ಮಾತು: ಇದು ಆಸ್ಪತ್ರೆಯ ಲೆಕ್ಕ. ಮನೆಯಲ್ಲಿ ಕಫದ ಮಾತ್ರೆ ಕುಡಿಸಿ ಯಕೃತ್ತನ್ನು ಉಳಿಸುತ್ತೇವೆ ಎಂದು ಯಾರೂ ಹೊರಡಬೇಡಿ.

ಲಿವರ್ ವಾರ್ಡು · ಬುಧವಾರ, ಬೆಳಿಗ್ಗೆ 8:50

ನಾನು ಯಕೃತ್ ರೋಗಗಳ ವೈದ್ಯ. ರೋಗಿಯನ್ನು ನೋಡದೆ ಚಿಕಿತ್ಸೆ ಹೇಳುವುದಿಲ್ಲ, ಆದರೆ ಈ ಔಷಧವನ್ನು ಏಕೆ ಕೊಡುತ್ತಾರೆಂಬುದನ್ನು ವಿವರವಾಗಿಯೇ ಹೇಳಬೇಕು.

ಪ್ಯಾರಸಿಟಮಾಲ್ ಅತಿಯಾದಾಗ ಯಕೃತ್ತಿನೊಳಗಿನ ಗ್ಲುಟಥಯೋನ್ ಎಂಬ ಕಾವಲಿನ ಪದಾರ್ಥ ಬರಿದಾಗುತ್ತದೆ. ಎನ್-ಅಸಿಟೈಲ್‌ಸಿಸ್ಟೀನ್ ಅದನ್ನು ಮತ್ತೆ ತುಂಬುತ್ತದೆ. ಅಲ್ಲಿ ಅದು ನಿಜವಾದ ಪ್ರತಿವಿಷ. ಬೇರೆ ಕಾರಣದ ವೈಫಲ್ಯದಲ್ಲೂ ಸಣ್ಣ ರಕ್ತನಾಳಗಳ ಹರಿವನ್ನು, ಆಮ್ಲಜನಕ ತಲುಪುವುದನ್ನು ಸುಧಾರಿಸಬಹುದೆಂಬ ಆಸೆಯಿಂದ ಅಮೆರಿಕದಲ್ಲಿ 1998ರಿಂದ 2006ರವರೆಗೆ ಪ್ಯಾರಸಿಟಮಾಲ್ ಕಾರಣವಲ್ಲದ 173 ವಯಸ್ಕರ ಮೇಲೆ ಪ್ರಯೋಗ ನಡೆಯಿತು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಯಕೃತ್ತಿನ ಕಸಿಯಿಲ್ಲದೆ, ಅಂದರೆ ಬೇರೆಯವರ ಯಕೃತ್ತನ್ನು ಜೋಡಿಸದೆ, ಬದುಕುಳಿದವರು ಔಷಧ ಪಡೆದ ಗುಂಪಿನಲ್ಲಿ ಶೇ. 40, ಪಡೆಯದ ಗುಂಪಿನಲ್ಲಿ ಶೇ. 27. ಗಮನಿಸಬೇಕಾದ ವ್ಯತ್ಯಾಸ ಇದರ ಒಳಗಿದೆ. ಮಂಕು ಇನ್ನೂ ಮೊದಲ ಎರಡು ಹಂತಗಳಲ್ಲಿದ್ದವರಲ್ಲಿ ಶೇ. 52 ಮತ್ತು ಶೇ. 30. ಗಾಢ ಮಂಕಿಗೆ, ಕೋಮಾಕ್ಕೆ ಹೋದವರಲ್ಲಿ ಔಷಧ ಪಡೆದವರು ಶೇ. 9, ಪಡೆಯದವರು ಶೇ. 22. ಅಂದರೆ ತಡವಾಗಿ ಕೊಟ್ಟರೆ ಪ್ರಯೋಜನ ಕಾಣಲಿಲ್ಲ. ನೀವು ಬರೆದಂತೆ ನಿಮ್ಮ ತಮ್ಮ ಮಾತಾಡುತ್ತಿದ್ದಾನೆ, ಆದರೆ ಗೊಂದಲವಿದೆ. ಔಷಧಕ್ಕೆ ಇದೇ ಸರಿಯಾದ ಹೊತ್ತು. ಮೈಸೂರಿನ ವೈದ್ಯರು ಪರೀಕ್ಷೆಗಳೆಲ್ಲ ಬರಲಿ ಎಂದು ಕಾಯದೆ ಅದೇ ಸಂಜೆ ಶುರುಮಾಡಿದ್ದು ಒಳ್ಳೆಯ ನಿರ್ಧಾರ.

ಆದರೆ ಅದೇ ಪ್ರಯೋಗದ ಇನ್ನೊಂದು ಅಂಕಿಯನ್ನು ಬಚ್ಚಿಡುವುದು ತಪ್ಪಾಗುತ್ತದೆ. ಕಸಿ ಮಾಡಿಸಿಕೊಂಡವರನ್ನೂ ಸೇರಿಸಿ ಮೂರು ವಾರಗಳ ನಂತರ ಬದುಕಿದ್ದವರನ್ನು ಎಣಿಸಿದರೆ ಶೇ. 70 ಮತ್ತು ಶೇ. 66, ಹೆಚ್ಚೇನೂ ಅಂತರವಿಲ್ಲ. ಔಷಧ ಕೆಲವರನ್ನು ಕಸಿಯಿಂದ ತಪ್ಪಿಸಿತು. ಕಸಿ ಬೇಕಾದವರಿಗೆ ಅದು ಕಸಿಯ ಬದಲಿಯಾಗಲಿಲ್ಲ. ಆದ್ದರಿಂದ ಇವತ್ತೇ ನಿಮ್ಮ ವೈದ್ಯರನ್ನು ಕೇಳಿ: "ಕಸಿ ಮಾಡುವ ಆಸ್ಪತ್ರೆಯೊಂದಿಗೆ ಮಾತಾಡಿದ್ದೀರಾ?" ಡ್ರಿಪ್ಪಿನ 72 ಗಂಟೆ ಮುಗಿಯಲಿ, ಆಮೇಲೆ ನೋಡೋಣ ಎಂದು ಕಾದು ಬಂದವರನ್ನು ನಾನು ಬಹಳ ನೋಡಿದ್ದೇನೆ. ಆಗ ಅವರನ್ನು ಆಂಬುಲೆನ್ಸಿಗೆ ಹತ್ತಿಸುವುದೇ ಅಪಾಯವಾಗಿರುತ್ತದೆ.

ಕಸಿ ಬೇಕೇ ಎಂದು ಅಂದಾಜಿಸಲು ಲಂಡನ್ನಿನ ಕಿಂಗ್ಸ್ ಕಾಲೇಜಿನ ಮಾನದಂಡವನ್ನು ಬಳಸುತ್ತೇವೆ. ಐಎನ್‌ಆರ್ 6.5 ದಾಟಿದರೆ ಅದೊಂದೇ ಸಾಕು. ಇಲ್ಲವೇ ಐದರಲ್ಲಿ ಮೂರು ಇರಬೇಕು: ವಯಸ್ಸು 10ಕ್ಕಿಂತ ಕಡಿಮೆ ಅಥವಾ 40ಕ್ಕಿಂತ ಹೆಚ್ಚು, ಕಾರಣ ತಿಳಿಯದಿರುವುದು ಅಥವಾ ಔಷಧದ ಹಾನಿ, ಕಣ್ಣು ಹಳದಿಯಾಗಿ ಏಳು ದಿನ ದಾಟಿದ ಮೇಲೆ ಮಂಕು ಕವಿಯುವುದು, ಐಎನ್‌ಆರ್ 3.5ಕ್ಕಿಂತ ಹೆಚ್ಚು, ಬಿಲಿರುಬಿನ್ ಸುಮಾರು 17.5ಕ್ಕಿಂತ ಹೆಚ್ಚು. ನಿಮ್ಮ ತಮ್ಮನಿಗೆ ಒಂದು ಖಚಿತ, ಒಂದು ಅಂಚಿನಲ್ಲಿದೆ, ಉಳಿದೆರಡು ಅಂಕಿಗಳು ಗೆರೆಯ ಹತ್ತಿರದಲ್ಲಿವೆ.

ಪಾಂಡವಪುರದ ರೈತ · ಬುಧವಾರ, ಬೆಳಿಗ್ಗೆ 10:05

ಅಕ್ಕಾ, ದೊಡ್ಡ ವೈದ್ಯರ ಮುಂದೆ ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳದೆ ಇರಲಾರೆ. ಎಂಟು ವರ್ಷಗಳ ಹಿಂದೆ ನನಗೂ ಕಾಮಾಲೆ ಬಂದಿತ್ತು. ನೆಲನೆಲ್ಲಿಯನ್ನು ಬೇರುಸಹಿತ ಅರೆದು ಮಜ್ಜಿಗೆಯಲ್ಲಿ ಕೊಟ್ಟರು. ಉಪ್ಪು ಎಣ್ಣೆ ಬಿಟ್ಟು ಪಥ್ಯ ಮಾಡಿದೆ, ಎರಡು ವಾರದಲ್ಲಿ ಗುಣವಾಯಿತು. ಆಸ್ಪತ್ರೆಯಲ್ಲೇ ಇರಲಿ, ಜೊತೆಗೆ ಇದನ್ನೂ ಕೊಟ್ಟು ನೋಡಬಹುದಲ್ಲವೇ? ನಿಮ್ಮ ತಮ್ಮ ಬದುಕಬೇಕೆಂಬುದಷ್ಟೇ ನನ್ನ ಆಸೆ.

ಲಿವರ್ ವಾರ್ಡು · ಬುಧವಾರ, ಬೆಳಿಗ್ಗೆ 11:30

ಅಣ್ಣಾ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ನಮ್ಮ ಕಡೆಯ ಕಾಮಾಲೆಗಳಲ್ಲಿ ಹೆಚ್ಚಿನವು ನೀರಿನಿಂದ ಬರುವ ಹೆಪಟೈಟಿಸ್ ಎ ಅಥವಾ ಇ. ಅವು ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಆ ಹೊತ್ತಿಗೆ ಹೊಟ್ಟೆಯಲ್ಲಿ ಏನಿರುತ್ತದೋ ಅದಕ್ಕೆ ಹೆಸರು ಬರುತ್ತದೆ. ರಕ್ತ ಹೆಪ್ಪುಗಟ್ಟದೆ ಬುದ್ಧಿ ಮಂಕಾಗಿರುವ ಯಕೃತ್ತು ಬೇರೆಯೇ ಸ್ಥಿತಿ. ಬಾಯಿಂದ ಏನನ್ನೇ ಕೊಟ್ಟರೂ ಅರಗಿಸುವ ಹೊರೆ ಆ ಸೋತ ಯಕೃತ್ತಿನ ಮೇಲೆಯೇ ಬೀಳುತ್ತದೆ, ಮಂಕಾದವನ ಗಂಟಲಲ್ಲಿ ಮಜ್ಜಿಗೆ ಶ್ವಾಸಕೋಶಕ್ಕೂ ಇಳಿಯಬಹುದು. ಬೇರಿನ ಔಷಧವೆಲ್ಲ ನಿರಪಾಯ ಎಂಬ ನಂಬಿಕೆಯನ್ನೂ ಬಿಡಬೇಕು. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲಿ ಕುಡಿದ ಅಮೃತಬಳ್ಳಿಯ ಕಷಾಯದ ನಂತರ ಯಕೃತ್ತಿಗೆ ಪೆಟ್ಟಾದ ಆರು ಮಂದಿಯ ಬಗ್ಗೆ ಮುಂಬೈಯ ವೈದ್ಯರು ಬರೆದರು, ಅವರೆಲ್ಲರೂ 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ನಡುವೆ ಬಂದವರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ವಾದ ನಡೆಯಿತು. ಆದರೆ ಕಾರಣ ಹುಡುಕುವಾಗ ನಾವು ಕಷಾಯವನ್ನೂ ಕೇಳಲೇಬೇಕು.

ಅಕ್ಕ, ಇನ್ನೊಂದನ್ನು ನೋವಿನಿಂದಲೇ ಕೇಳುತ್ತೇನೆ. ಇಲಿಗೆ ಇಡುವ ಪೇಸ್ಟು ಮನೆಯಲ್ಲಿತ್ತೇ? ಕಬ್ಬು ಬೆಳೆಯುವ ಊರುಗಳಲ್ಲಿ ಅದು ಇಲ್ಲದ ಮನೆ ಕಡಿಮೆ. ಅದರಲ್ಲಿರುವ ಹಳದಿ ರಂಜಕ ಹೊಟ್ಟೆಗೆ ಹೋದರೆ ಮೊದಲ ದಿನ ವಾಂತಿ, ಆಮೇಲೆ ಒಂದೆರಡು ದಿನ ಎಲ್ಲ ಸರಿಹೋದಂತೆ ಕಾಣುತ್ತದೆ, ನಂತರ ಯಕೃತ್ತು ಕುಸಿಯುತ್ತದೆ. ಅದಕ್ಕೆ ಪ್ರತಿವಿಷವಿಲ್ಲ. ಮಾನಕ್ಕೆ ಅಂಜಿ ಮುಚ್ಚಿಟ್ಟ ಕುಟುಂಬಗಳಲ್ಲಿ ಅದು "ಕಾರಣ ಗೊತ್ತಿಲ್ಲ" ಎಂದೇ ದಾಖಲಾಗುತ್ತದೆ. ಅವನ ಹೆಂಡತಿಯನ್ನು ಒಬ್ಬಳನ್ನೇ ಕೂರಿಸಿಕೊಂಡು, ಬೈಯದೆ ಕೇಳಿ.

ಕೆರಗೋಡಿನ ಅಕ್ಕ · ಬುಧವಾರ, ಮಧ್ಯಾಹ್ನ 3:10

ಕೇಳಿದೆ. ಅವಳು ಅತ್ತಳು, ಆದರೆ ಅಂಥದ್ದೇನೂ ನಡೆದಿಲ್ಲ. ಪೇಸ್ಟಿನ ಟ್ಯೂಬು ಅಟ್ಟದ ಮೇಲೆ ಒಡೆಯದೆ ಹಾಗೆಯೇ ಇದೆ, ಭಾವನವರು ಹೋಗಿ ನೋಡಿ ಬಂದರು. ಬರುವಾಗ ಅವನ ಹಾಸಿಗೆಯ ಪಕ್ಕದಲ್ಲಿದ್ದ ಮಾತ್ರೆಯ ಹಾಳೆಗಳನ್ನೂ ತಂದಿದ್ದಾರೆ. ಜ್ವರದ 650ರ ಮಾತ್ರೆಯನ್ನು ದಿನಕ್ಕೆ ನಾಲ್ಕು, ಜೊತೆಗೆ ನೆಗಡಿಯ ಮಾತ್ರೆ ದಿನಕ್ಕೆ ಮೂರು, ಹೀಗೆ ಐದು ದಿನ ನುಂಗಿದ್ದಾನೆ. ಗಂಜಿ ಬಿಟ್ಟರೆ ಊಟವಿಲ್ಲ. ಪಕ್ಕದ ಮನೆಯವರು ಕೊಟ್ಟ ಕಷಾಯವನ್ನೂ ನಾಲ್ಕು ದಿನ ಕುಡಿದಿದ್ದಾನೆ. ಅದರಲ್ಲಿ ಏನಿತ್ತೆಂದು ಅವರಿಗೂ ಸರಿಯಾಗಿ ಗೊತ್ತಿಲ್ಲ.

ಸರಸ್ವತಿಪುರಂ ಔಷಧಿ ಅಂಗಡಿ · ಬುಧವಾರ, ಮಧ್ಯಾಹ್ನ 3:45

ಅಮ್ಮಾ, ನೆಗಡಿಯ ಮಾತ್ರೆಯ ಹಿಂಬದಿಯ ಸಣ್ಣ ಅಕ್ಷರ ಓದಿ. ಅದರಲ್ಲೂ ಪ್ಯಾರಸಿಟಮಾಲ್ 500 ಇರಬೇಕು. ಇದ್ದರೆ 2,600ಕ್ಕೆ 1,500 ಸೇರಿ ದಿನಕ್ಕೆ 4,100 ಮಿ.ಗ್ರಾಂ ಆಯಿತು. ಆರೋಗ್ಯವಂತ ದೊಡ್ಡವರಿಗೂ 4,000 ಮಿತಿ. ಖಾಲಿ ಹೊಟ್ಟೆಯವನಿಗೆ ಅದೂ ಹೆಚ್ಚು. ಈ ಎರಡು ಹಾಳೆಗಳನ್ನು ಒಟ್ಟಿಗೆ ಕೇಳಿ ಬಂದ ಎಷ್ಟು ಜನರಿಗೆ ನನ್ನ ಅಂಗಡಿಯಲ್ಲಿ ಒಂದನ್ನು ವಾಪಸ್ ಇಡಿಸಿದ್ದೇನೋ ಲೆಕ್ಕವಿಲ್ಲ. ಕೇಳದೆ ಕೊಟ್ಟ ದಿನಗಳೂ ಇದ್ದಿರಬಹುದು, ಅದು ಈಗ ಮನಸ್ಸನ್ನು ಕೊರೆಯುತ್ತಿದೆ. ಆ ಹಾಳೆಗಳನ್ನು ಈಗಲೇ ವೈದ್ಯರ ಕೈಗೆ ಕೊಡಿ.

ಲಿವರ್ ವಾರ್ಡು · ಬುಧವಾರ, ಸಂಜೆ 5:20

ಕೊಡಲೇಬೇಕು. ಕಾರಣ ತಿಳಿಯದ 36 ರೋಗಿಗಳ ರಕ್ತವನ್ನು ಅಮೆರಿಕದ ತಂಡವೊಂದು ವಿಶೇಷ ವಿಧಾನದಲ್ಲಿ ಪರೀಕ್ಷಿಸಿದಾಗ ಏಳು ಮಂದಿಯಲ್ಲಿ ಪ್ಯಾರಸಿಟಮಾಲ್ ಹಾನಿಯ ಗುರುತು ಸಿಕ್ಕಿತ್ತು. ಆ ಪರೀಕ್ಷೆ ಸಾಮಾನ್ಯ ಪ್ರಯೋಗಾಲಯಗಳಲ್ಲಿ ಸಿಗುವುದಿಲ್ಲ. ಅನುಮಾನವಿದ್ದಾಗ ಈ ಡ್ರಿಪ್ಪನ್ನು ತಕ್ಷಣ ಹಾಕಲು ಇದೂ ಒಂದು ಕಾರಣ.

ಆದರೂ ಈ ಹುಡುಗನ ವಿಷಯದಲ್ಲಿ ಪ್ಯಾರಸಿಟಮಾಲ್ ಒಂದರ ಮೇಲೆಯೇ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಅದರ ಹಾನಿಯಲ್ಲಿ ಎಎಲ್‌ಟಿ ಹಲವು ಸಾವಿರಕ್ಕೆ ಜಿಗಿಯುತ್ತದೆ, ಬಿಲಿರುಬಿನ್ ಅಷ್ಟಾಗಿ ಏರಿರುವುದಿಲ್ಲ, ಎಲ್ಲವೂ ಮೂರು ನಾಲ್ಕು ದಿನಗಳಲ್ಲಿ ನಡೆದುಹೋಗುತ್ತದೆ. ಇಲ್ಲಿ ಕಾಯಿಲೆಯ ನಡಿಗೆ ನಿಧಾನ, ಹಳದಿ ಹೆಚ್ಚು. ಸ್ವಯಂ ನಿರೋಧಕ ಹೆಪಟೈಟಿಸ್ (ದೇಹದ ರಕ್ಷಣಾ ವ್ಯವಸ್ಥೆಯೇ ಯಕೃತ್ತಿನ ಮೇಲೆ ಎರಗುವುದು), ವಿಲ್ಸನ್ ಕಾಯಿಲೆ (ದೇಹದಲ್ಲಿ ತಾಮ್ರ ಸೇರಿಕೊಳ್ಳುವುದು), ಹರ್ಪಿಸ್ ವೈರಸ್, ಯಕೃತ್ತಿನ ರಕ್ತನಾಳದ ಅಡಚಣೆ ಇವನ್ನೂ ನೋಡಬೇಕು. ಇವುಗಳಲ್ಲಿ ಕೆಲವಕ್ಕೆ ಬೇರೆಯೇ ಔಷಧವಿದೆ. ಹರ್ಪಿಸ್ ಅನುಮಾನ ಬಂದರೆ ಆ ವೈರಸ್ಸಿನ ಔಷಧವಾದ ಅಸೈಕ್ಲೋವಿರ್ ಅನ್ನು ಕಾಯದೆ ಕೊಡಬೇಕಾಗುತ್ತದೆ. "ಕಾರಣ ತಿಳಿಯದು" ಎಂಬುದನ್ನು ಹುಡುಕಾಟದ ಕೊನೆಯಲ್ಲಿ ಬರೆಯಬೇಕು, ಮೊದಲ ಆರು ಪರೀಕ್ಷೆ ಮುಗಿದ ಕೂಡಲೇ ಅಲ್ಲ.

ಹುಣಸೂರು ರಸ್ತೆಯ ಅಪ್ಪ · ಬುಧವಾರ, ರಾತ್ರಿ 9:00

ನನ್ನ ಮಗಳಿಗೆ ಮೂರು ವರ್ಷವಿದ್ದಾಗ ಹೀಗೆಯೇ ಆಯಿತು, ಅವಳಿಗೂ ಕಾರಣ ಸಿಗಲಿಲ್ಲ. ನಾನು ಮೊಬೈಲಿನಲ್ಲಿ ಓದಿ ಈ ಡ್ರಿಪ್ಪನ್ನು ಏಕೆ ಕೊಡುತ್ತಿಲ್ಲ ಎಂದು ಜಗಳವಾಡಿದ್ದೆ. ದುಡ್ಡಿಲ್ಲದವರೆಂದು ಬಿಟ್ಟಿದ್ದಾರೆ ಎಂದುಕೊಂಡಿದ್ದೆ. ಆಮೇಲೆ ಒಬ್ಬ ಹಿರಿಯ ವೈದ್ಯೆ ಕೂರಿಸಿಕೊಂಡು ಹೇಳಿದರು: 184 ಮಕ್ಕಳ ಮೇಲೆ ಇದೇ ಔಷಧದ ಪ್ರಯೋಗವಾಗಿದೆ, 2013ರಲ್ಲಿ ಪ್ರಕಟವಾಗಿದೆ. ಒಂದು ವರ್ಷದ ನಂತರ ಕಸಿಯಿಲ್ಲದೆ ಬದುಕಿದ್ದ ಮಕ್ಕಳು ಔಷಧ ಪಡೆದ ಗುಂಪಿನಲ್ಲಿ ಶೇ. 35, ಪಡೆಯದ ಗುಂಪಿನಲ್ಲಿ ಶೇ. 53. ಎರಡು ವರ್ಷದೊಳಗಿನ ಕೂಸುಗಳಲ್ಲಿ ಇನ್ನೂ ಕೆಡುಕು. ದೊಡ್ಡವರಿಗೆ ಒಳಿತು ಮಾಡಿದ್ದು ಮಕ್ಕಳಿಗೂ ಮಾಡಬೇಕೆಂದಿಲ್ಲ. ನನ್ನ ಹೆಂಡತಿಯ ಯಕೃತ್ತಿನ ಎಡಭಾಗದ ತುಂಡು ಕೊಟ್ಟೆವು. ಮಗಳು ಈಗ ಎರಡನೇ ತರಗತಿ. ಮಕ್ಕಳ ತಂದೆತಾಯಿ ಈ ಪುಟ ಓದಿ ಆಸ್ಪತ್ರೆಗೆ ಓಡಿ ಇದನ್ನೇ ಕೇಳಬಾರದು ಎಂದು ಬರೆದೆ.

ಅಕ್ಕ, ನಾವು ಎರಡು ದಿನ ಕಳೆದದ್ದು ಕಾಗದಪತ್ರದಲ್ಲಿ. ಈ ರಾತ್ರಿಯೇ ನಿಮ್ಮ, ಅವನ ಹೆಂಡತಿಯ ಆಧಾರ್, ಪಡಿತರ ಚೀಟಿ, ಮದುವೆಯ ಪತ್ರ, ಶಾಲೆಯ ವರ್ಗಾವಣೆ ಪತ್ರ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಡಿ. 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ ಒಡಹುಟ್ಟಿದವರು, ಗಂಡ ಹೆಂಡತಿ ಹತ್ತಿರದ ಸಂಬಂಧಿಗಳು. ಆದರೆ ಸಂಬಂಧವನ್ನು ಕಾಗದದಲ್ಲಿ ತೋರಿಸಬೇಕು. ಅಂಗಾಂಗ ಹಂಚುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ತುರ್ತು ಎಂದು ನೋಂದಾಯಿಸುವುದನ್ನೂ ಆಸ್ಪತ್ರೆಯವರೇ ಮಾಡುತ್ತಾರೆ, ಕೇಳಿ ನೆನಪಿಸಿ.

ಕೆರಗೋಡಿನ ಅಕ್ಕ · ಗುರುವಾರ, ಬೆಳಿಗ್ಗೆ 7:30

ಐಎನ್‌ಆರ್ 3.6. ರಾತ್ರಿ ಕೈ ಬಡಿದುಕೊಂಡಿತು, ನಾನೇ ನೋಡಿ ಹೇಳಿದೆ. ಬೆಂಗಳೂರಿಗೆ ಕಳಿಸುತ್ತಿದ್ದಾರೆ. ಪ್ಲಾಸ್ಮಾ (ರಕ್ತದ ದ್ರವಭಾಗ) ಕೊಟ್ಟು ಐಎನ್‌ಆರ್ ಇಳಿಸಿ ಕಳಿಸಿ ಎಂದು ನಮ್ಮ ಚಿಕ್ಕಪ್ಪ ಹಟ ಹಿಡಿದಿದ್ದಾರೆ. ಸ್ಟೀರಾಯ್ಡ್ ಏಕೆ ಕೊಡಲಿಲ್ಲ ಎಂದೂ ಕೇಳುತ್ತಿದ್ದಾರೆ.

ರಾತ್ರಿಪಾಳಿ · ಗುರುವಾರ, ಬೆಳಿಗ್ಗೆ 7:42

ಚಿಕ್ಕಪ್ಪನವರಿಗೆ ಹೇಳಿ: ಐಎನ್‌ಆರ್ ಎಂಬುದು ಈಗ ಯಕೃತ್ತಿನ ನಾಡಿ. ರಕ್ತಸ್ರಾವವಿಲ್ಲದೆ ಪ್ಲಾಸ್ಮಾ ಹಾಕಿದರೆ ಅಂಕಿ ಇಳಿಯುತ್ತದೆ, ಯಕೃತ್ತು ಹಾಗೆಯೇ ಇರುತ್ತದೆ, ಬೆಂಗಳೂರಿನವರಿಗೆ ನಿಜ ತಿಳಿಯದೆ ಹೋಗುತ್ತದೆ. ಮೈಸೂರಿನಿಂದ ಅಲ್ಲಿಗೆ ಸುಮಾರು 145 ಕಿ.ಮೀ. ದಾರಿಯಲ್ಲಿ ಮಂಕು ಹೆಚ್ಚಬಹುದೆನಿಸಿದರೆ ಹೊರಡುವ ಮೊದಲೇ ಉಸಿರಿನ ಕೊಳವೆ ಹಾಕುತ್ತಾರೆ, ಹೆದರಬೇಡಿ. ಡೆಕ್ಸ್ಟ್ರೋಸ್ (ಸಕ್ಕರೆಯ ದ್ರಾವಣ) ಮತ್ತು ಎನ್-ಅಸಿಟೈಲ್‌ಸಿಸ್ಟೀನ್ ಎರಡೂ ಆಂಬುಲೆನ್ಸಿನಲ್ಲಿ ನಡೆಯುತ್ತಿರಲಿ. ಪ್ರತಿ ಗಂಟೆಗೂ ಸಕ್ಕರೆ ನೋಡಲು ಹೇಳಿ. ತಲೆಭಾಗ ಸ್ವಲ್ಪ ಎತ್ತರದಲ್ಲಿರಲಿ.

ಲಿವರ್ ವಾರ್ಡು · ಗುರುವಾರ, ಬೆಳಿಗ್ಗೆ 8:15

ಸ್ಟೀರಾಯ್ಡ್ ಬಗ್ಗೆ: ಅಮೆರಿಕದ ದಾಖಲೆಯ 361 ರೋಗಿಗಳಲ್ಲಿ ಔಷಧದ ಹಾನಿ, ಸ್ವಯಂ ನಿರೋಧಕ, ಕಾರಣ ತಿಳಿಯದ ಈ ಮೂರು ಬಗೆಯಲ್ಲೂ ಸ್ಟೀರಾಯ್ಡ್ ಒಟ್ಟಾರೆ ಬದುಕುಳಿಯುವಿಕೆಯನ್ನು ಹೆಚ್ಚಿಸಲಿಲ್ಲ. ಬಹಳ ಹದಗೆಟ್ಟವರಲ್ಲಿ ಕೆಡುಕೇ ಹೆಚ್ಚಿತ್ತು. ಸೋಂಕು ಈ ರೋಗಿಗಳ ದೊಡ್ಡ ಶತ್ರು, ಸ್ಟೀರಾಯ್ಡ್ ಅದಕ್ಕೆ ಬಾಗಿಲು ತೆರೆಯುತ್ತದೆ. ಮಿದುಳನ್ನು ಮಂಕಾಗಿಸುವ ಅಮೋನಿಯ ಇಳಿಸಲೆಂದು ಆರ್ನಿಥಿನ್ ಆಸ್ಪಾರ್ಟೇಟ್ ಎಂಬ ದುಬಾರಿ ಚುಚ್ಚುಮದ್ದನ್ನೂ ಬರೆಯುವುದುಂಟು. ದೆಹಲಿಯ ಏಮ್ಸ್‌ನಲ್ಲಿ 201 ರೋಗಿಗಳ ಮೇಲೆ ಪರೀಕ್ಷಿಸಿದರು, ದಿಢೀರ್ ವೈಫಲ್ಯದಲ್ಲಿ ಪ್ರಯೋಜನ ಕಾಣಲಿಲ್ಲ. ಮಿದುಳು ಊದಿಕೊಂಡರೆ ಮ್ಯಾನಿಟಾಲ್ ಅಥವಾ ಗಾಢ ಉಪ್ಪಿನ ದ್ರಾವಣ ಕೆಲಸಕ್ಕೆ ಬರುತ್ತದೆ. ಈಗ ಮೂರು ಮಾನದಂಡಗಳು ಕೂಡಿದಂತೆ ಕಾಣುತ್ತಿದೆ. ಹೊರಡಿ.

ಕೆರಗೋಡಿನ ಅಕ್ಕ · ಭಾನುವಾರ, ರಾತ್ರಿ 10:10

ಮೂರು ದಿನ ಬರೆಯಲಾಗಲಿಲ್ಲ. ಅವನದು ಓ ಗುಂಪು, ಹೆಂಡತಿಯದು ಬಿ, ಹೊಂದಲಿಲ್ಲ. ನನ್ನದು ಹೊಂದಿತು. ಸ್ಕ್ಯಾನ್ ಎಲ್ಲ ಮಾಡಿದರು, ನಾನು ಒಪ್ಪಿಗೆ ಬರೆದುಕೊಟ್ಟೆ. ಕಾಗದದ ಚೀಲ ಸಿದ್ಧವಿದ್ದುದರಿಂದ ಅರ್ಧ ದಿನದಲ್ಲಿ ಕೆಲಸವಾಯಿತು, ಹುಣಸೂರು ರಸ್ತೆಯ ಅಣ್ಣನವರಿಗೆ ಕೈಮುಗಿಯುತ್ತೇನೆ.

ಈ ನಡುವೆ ಪ್ಲಾಸ್ಮಾ ಬದಲಾಯಿಸುವ ಚಿಕಿತ್ಸೆಯನ್ನು ಮೂರು ಸಲ ಮಾಡಿದ್ದಾರೆ. ಎನ್-ಅಸಿಟೈಲ್‌ಸಿಸ್ಟೀನ್ 72 ಗಂಟೆ ಮುಗಿಯಿತು. ಐಎನ್‌ಆರ್ 1.9 ಎಂದಾಗ ನಾವೆಲ್ಲ ಸಂತೋಷಪಟ್ಟರೆ, ವೈದ್ಯರು "ಇದು ಬೇರೆಯವರ ಪ್ಲಾಸ್ಮಾದ ಅಂಕಿ, ಇನ್ನೂ ನಂಬಬೇಡಿ" ಎಂದರು. ಶಸ್ತ್ರಚಿಕಿತ್ಸೆಯನ್ನು ಒಂದೊಂದೇ ದಿನ ಮುಂದಕ್ಕೆ ಹಾಕುತ್ತಿದ್ದಾರೆ. ಇದಕ್ಕೆ ಹೆದರಬೇಕೇ?

ಲಿವರ್ ವಾರ್ಡು · ಭಾನುವಾರ, ರಾತ್ರಿ 10:55

ಹೆದರಬೇಡಿ ಅಕ್ಕ, ಸರಿಯಾದ ಕೈಗಳಲ್ಲಿದ್ದಾನೆ. ಪ್ಲಾಸ್ಮಾ ಬದಲಾವಣೆಗೆ ಒಳ್ಳೆಯ ಆಧಾರವಿದೆ. ಯುರೋಪಿನ 182 ರೋಗಿಗಳ ಪ್ರಯೋಗದಲ್ಲಿ ಆಸ್ಪತ್ರೆಯಿಂದ ಬದುಕಿ ಹೊರಬಂದವರು ಶೇ. 58.7, ಬರಿಯ ಸಾಮಾನ್ಯ ಚಿಕಿತ್ಸೆಯಲ್ಲಿ ಶೇ. 47.8. ಮುಖ್ಯ ಲಾಭ ಕಂಡದ್ದು ಕಸಿಯಾಗದವರಲ್ಲಿ. ದೆಹಲಿಯಲ್ಲಿ 40 ಮಂದಿಯ ಮೇಲೆ ಕಡಿಮೆ ಪ್ರಮಾಣದ ಪ್ಲಾಸ್ಮಾದಿಂದ ಮಾಡಿದ ಪ್ರಯೋಗದಲ್ಲೂ ಒಳಿತಾಯಿತು. ಕೊನೆಯ ಸರದಿಯಾಗಿ ಎರಡು ದಿನ ಕಳೆದ ಮೇಲೆ ಬರುವ ಐಎನ್‌ಆರ್ ಅವನ ಸ್ವಂತದ್ದು. ಅದಕ್ಕಾಗಿ ಕಾಯುತ್ತಿದ್ದಾರೆ.

ಕೆರಗೋಡಿನ ಅಕ್ಕ · ಬುಧವಾರ, ಸಂಜೆ 6:40

ಪ್ಲಾಸ್ಮಾ ನಿಲ್ಲಿಸಿ ಮೂರು ದಿನವಾಯಿತು. ಐಎನ್‌ಆರ್ ಇವತ್ತು 1.8, ನಿನ್ನೆ 2.1. ಶಸ್ತ್ರಚಿಕಿತ್ಸೆ ಬೇಡವೆಂದರು. ಕಾರಣ ಈಗಲೂ ಗೊತ್ತಿಲ್ಲ. ಕತ್ತಿನ ರಕ್ತನಾಳದ ಮೂಲಕ ತೆಗೆದ ಬಯಾಪ್ಸಿಯಲ್ಲಿ "ಔಷಧ ಅಥವಾ ಕಷಾಯದ ಹಾನಿ ಇರಬಹುದು, ಖಚಿತವಿಲ್ಲ" ಎಂದು ಬಂದಿದೆ. ಡ್ರಿಪ್ ಉಳಿಸಿತೋ, ಪ್ಲಾಸ್ಮಾ ಉಳಿಸಿತೋ ಎಂದು ಕೇಳಿದೆ. ಹೇಳಲಾಗುವುದಿಲ್ಲ ಎಂದರು.

ಬೆಳಿಗ್ಗೆ ನನ್ನನ್ನು ಅಕ್ಕ ಎಂದು ಕರೆದ. ಉಪ್ಸಾರು ಮುದ್ದೆ ಕೇಳುತ್ತಿದ್ದಾನೆ. ಚಿಕ್ಕಪ್ಪ ಇನ್ನು ಮೂರು ತಿಂಗಳು ಗಂಜಿಯೇ, ಬೇಳೆ ಕಾಳು ಮುಟ್ಟಬಾರದು ಎನ್ನುತ್ತಿದ್ದಾರೆ.

ರಾತ್ರಿಪಾಳಿ · ಬುಧವಾರ, ಸಂಜೆ 7:05

ಅಲ್ಲಿಯ ಆಹಾರ ತಜ್ಞರನ್ನು ಒಮ್ಮೆ ಕೇಳಿ, ಆದರೆ ಚಿಕ್ಕಪ್ಪನವರ ಪಥ್ಯ ಹಳೆಯ ಕಾಲದ್ದು. ಯಕೃತ್ತು ಮತ್ತೆ ಬೆಳೆಯಲು ಪ್ರೋಟೀನ್ ಬೇಕು. ಕಾಳನ್ನು ಚೆನ್ನಾಗಿ ಬೇಯಿಸಿ, ಖಾರ ಕಡಿಮೆ ಹಾಕಿ, ಮುದ್ದೆಯನ್ನು ಸಣ್ಣದಾಗಿ ಕಟ್ಟಿ ಕೊಡಿ. ರಾತ್ರಿ ಮಲಗುವ ಮುನ್ನ ಇನ್ನೊಂದಿಷ್ಟು ತಿನ್ನಲಿ, ಹೊಟ್ಟೆ ಬಹಳ ಹೊತ್ತು ಖಾಲಿ ಇರಬಾರದು. ಜ್ವರ ಬಂದರೆ ಮಾತ್ರೆ ಕೊಡುವ ಮೊದಲು ಅಲ್ಲಿಯ ವೈದ್ಯರಿಗೆ ಫೋನು ಮಾಡಿ.